ಸೈಬೀರಿಯಾದ ಮಣ್ಣು, ಜೋಸ್ಫಿನಳ ಸಹಿ

ಶಿರ್ವದ ಜೋಸ್ಫಿನ್ ಪಾಯ್ಸ್ ದುಬೈ ಸಿಲಿಕಾನ್ ಓಯಸಿಸ್‌ನ ಖಾಸಗಿ ಪ್ರಯೋಗಾಲಯವೊಂದರಲ್ಲಿ ಸಹಾಯಕಿ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲಿರುವಾಗ ಆಕೆ ಉಣ್ಣೆ ಟೊಪ್ಪಿ ಹಾಕಿಕೊಂಡು ಶೀತಕೋಣೆಯಲ್ಲಿ ದುಡಿಯುತ್ತಿದ್ದಳು. 2016ರಲ್ಲಿ ಅಲ್ಲಿಗೆ ಸೈಬೀರಿಯಾದ ಮಣ್ಣು ಬಂತು. ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ಮಣ್ಣದು. ಕರಗಿದರೆ ಒಳಗಿನ ಸೂಕ್ಷ್ಮಜೀವಿಗಳು ಎಚ್ಚೆತ್ತು, ಹಳೆಯ ಬೇರು, ಎಲೆಗಳ ಅವಶೇಷ ತಿಂದು ಇಂಗಾಲದ ಅನಿಲ ಬಿಡುತ್ತವೆ. ಮೇಲೆ ಹುಲ್ಲು ಬೆಳೆಸಿದರೆ ಅದು ತಗ್ಗುತ್ತದೆ ಎಂದು ಮುಖ್ಯಸ್ಥ ಡಾ. ಸಾಲಿಮ್ ಸಭೆಗಳಲ್ಲಿ ಮೊದಲೇ ಹೇಳಿಬಿಟ್ಟಿದ್ದರು.

ಜೋಸ್ಫಿನ್ ಇಪ್ಪತ್ತು ಕುಂಡಗಳಿಗೆ ಆ ಮಣ್ಣು ತುಂಬಿ, ಹತ್ತರಲ್ಲಿ ಹುಲ್ಲು ನೆಟ್ಟು, ಎಂಟು ತಿಂಗಳು ಅಳೆದಳು. ಹುಲ್ಲು ತಾನೇ ಉಸಿರಾಡಿ ಬಿಡುವ ಅನಿಲವನ್ನು ಲೆಕ್ಕದಿಂದ ಕಳೆದರೂ ಆ ಹತ್ತು ಕುಂಡಗಳೇ ಹೆಚ್ಚು ಅನಿಲ ಬಿಟ್ಟವು. ಬೇರುಗಳು ಒಸರುವ ಸಕ್ಕರೆ ತಿಂದು ಹುರುಪುಗೊಂಡ ಜೀವಿಗಳು ಹಳೆಯದನ್ನೂ ಮುಕ್ಕುತ್ತಿದ್ದವು.

“ನೀರು ಜಾಸ್ತಿ ಹಾಕಿದ್ದೀಯಾ,” ಎಂದರು ಸಾಲಿಮ್.

“ಇಲ್ಲ ಸರ್, ಎಲ್ಲದಕ್ಕೂ ಒಂದೇ ಅಳತೆ. ನಾಫಿಯಾ ನೋಡಿದ್ದಾಳೆ.”

ಜೊತೆ ಕೆಲಸದ ನಾಫಿಯಾ ನೆಲ ನೋಡಿದಳು. “ನಂಗೆ ಸರಿ ನೆನಪಿಲ್ಲ ಸರ್.”

“ಖಲಾಸ್. ಎಲ್ಲ ಕಿತ್ತುಹಾಕು. ತಪ್ಪು ನಿನ್ನದೇ ಅಂತ ಬರೆದು ಸಹಿ ಹಾಕಿ ಕೊಡು. ವೀಸಾ ರಿನ್ಯೂ ಮಾಡಿಸ್ತೇನೆ.”

ಹತ್ತನೇ ತರಗತಿಯ ಮಗಳು ತೆರೆಸಾಳ ವೀಸಾ ತಾಯಿಯದನ್ನೇ ನೆಚ್ಚಿಕೊಂಡಿತ್ತು. ಜೋಸ್ಫಿನ್ ಸಹಿ ಹಾಕಿದಳು. ಮಣ್ಣನ್ನು ಬಿಗಿಯಾಗಿ ಹಿಡಿದಿದ್ದ ಬಿಳಿ ಬೇರುಗಳನ್ನು ಒಂದೊಂದೇ ಎಳೆದಳು. ಸಾಲಿಮ್ ಹತ್ತೂ ಮುಗಿಯುವವರೆಗೆ ನಿಂತು ನೋಡಿದರು.

ಮರುವಾರ ಅದೇ ಪತ್ರವನ್ನು ಮುಂದಿಟ್ಟು, ಬೇಜವಾಬ್ದಾರಿಯ ಕಾರಣಕ್ಕೆ ಆಕೆಯನ್ನು ಕೆಲಸದಿಂದ ತೆಗೆದರು. ತೆರೆಸಾಳನ್ನು ವರ್ಷದ ನಡುವೆಯೇ ಊರಿಗೆ ಕಳಿಸಬೇಕಾಯಿತು. “ಟೆಲ್ ಮಿ, ಮಮ್ಮಾ, ನೀನು ನಿಜವಾಗ್ಲೂ ಹಾಳು ಮಾಡಿದ್ಯಾ?” ಎಂದು ವಿಮಾನ ನಿಲ್ದಾಣದಲ್ಲಿ ಮಗಳು ಕೇಳಿದಳು. ಉತ್ತರಕ್ಕೆ ಕಾಯದೆ ಒಳಗೆ ನಡೆದಳು.

ಜೋಸ್ಫಿನ್‌ಗೆ ದುಬೈನದೇ ದೇರಾ ಪೇಟೆಯ ಒಂದು ಗಿಡದಂಗಡಿಯಲ್ಲಿ, ತನ್ನೊಬ್ಬಳ ವೀಸಾಕ್ಕಷ್ಟೇ ಸಾಲುವ ಸಂಬಳದ ಕೆಲಸ ಸಿಕ್ಕಿತು. ಎರಡು ವರ್ಷದ ನಂತರ ನಾಫಿಯಾ ಅಲ್ಲಿಗೆ ಬಂದು ಅಚ್ಚಾದ ಸಂಶೋಧನಾ ಪ್ರಬಂಧವೊಂದನ್ನು ಕೊಟ್ಟಳು. ಬೇರುಗಳು ಕರಗಿದ ಮಣ್ಣಿನ ಅನಿಲವನ್ನು ಹೆಚ್ಚಿಸುತ್ತವೆ ಎಂಬುದೇ ಅದರ ಸಾರ. ಅಂಕಿಗಳೆಲ್ಲ ಜೋಸ್ಫಿನಳವು. ಹೆಸರುಗಳು ಎರಡೇ: ಸಾಲಿಮ್, ನಾಫಿಯಾ.

“ನಿನ್ನ ಹೆಸರೂ ಹಾಕಿ ಅಂತ ಹೇಳ್ಬೇಕು ಅಂತಿದ್ದೆ ಮಾರಾಯ್ತಿ. ಧೈರ್ಯ ಬರ್ಲಿಲ್ಲ.”

ಜೋಸ್ಫಿನ್ ನಿಂತಲ್ಲೇ ಕೊನೆಯ ಪುಟದವರೆಗೂ ಓದಿದಳು. “ಸರಿಯಾಗಿಯೇ ಬರ್ದಿದ್ದಾರೆ,” ಎಂದಳು.

“ನನ್ನನ್ನು ಕ್ಷಮಿಸ್ತೀಯಾ?”

“ಇಲ್ಲ.”

ಪ್ರಬಂಧವನ್ನು ಅವಳ ಕೈಗೇ ಮರಳಿಸಿ, ಗೊಬ್ಬರದ ಚೀಲ ಆರಿಸುತ್ತಿದ್ದ ಗಿರಾಕಿಯ ಕಡೆಗೆ ನಡೆದಳು.