ಶವಪೆಟ್ಟಿಗೆಯ ಸುತ್ತ ನಿಂತವರು

ಅಬುಧಾಬಿಯಲ್ಲಿ ಫೋಟೋ ತೆಗೆದು ಹೆಸರಾದವರು ಹಲವರಿದ್ದಾರೆ. ಇನ್ನೊಬ್ಬರು ತೆಗೆದ ಫೋಟೋಗಳನ್ನು ಕಾಪಾಡಿ, ಹತ್ತು ಜನರಿಗೆ ಹಂಚಿ ಹೆಸರಾದವರು ಮಾನ್ಯ ಕ್ಯಾಮಿಲಸ್ ರೆಬೆಲ್ಲೊ ಒಬ್ಬರೇ ಎಂದು ಧೈರ್ಯವಾಗಿ ಬರೆಯುತ್ತೇನೆ. ಒಪ್ಪದವರು ಖಾಲಿದಿಯಾ ಬಡಾವಣೆಯ ನಮ್ಮ ಸ್ಟುಡಿಯೋಗೆ ಬಂದು ನನ್ನೊಡನೆ ಜಗಳವಾಡಲಿ.

ನಮ್ಮ ಕರಾವಳಿಯ ಶಿರ್ವದಿಂದ ಬಂದ ಇವರು ಐರಿಷ್ ಛಾಯಾಗ್ರಾಹಕ ಬ್ರೆಂಡನ್ ಅವರ ಸಹಾಯಕರಾಗಿ ಸೇವೆ ಆರಂಭಿಸಿದರು. ಐರ್ಲೆಂಡಿನವರ ಇಲ್ಲಿನ ಬದುಕನ್ನು, ಅಂದರೆ ನರ್ಸುಗಳ ಕೂಟ, ಸಂತ ಪ್ಯಾಟ್ರಿಕರ ಹಬ್ಬದ ಕುಣಿತ, ಉರಿಬಿಸಿಲಿನ ಮೈದಾನದ ಫುಟ್‌ಬಾಲನ್ನು ಬ್ರೆಂಡನ್ ದಶಕಗಳ ಕಾಲ ಸೆರೆಹಿಡಿದರು. 2012ರಲ್ಲಿ ಅವರು ತೀರಿಕೊಂಡಾಗ ನೆಗೆಟಿವ್‌ಗಳೆಲ್ಲ ಕ್ಯಾಮಿಲಸರ ಪಾಲಿಗೆ ಬಂದವು. ಉಳ್ಳಾಲದ ಬ್ಯಾರಿ ಹೆಣ್ಣಾದ ನನಗೆ ಅವುಗಳ ಧೂಳು ಒರೆಸಿ ಸ್ಕ್ಯಾನ್ ಮಾಡುವುದನ್ನು ಕಲಿಸಿದವರು ಅವರೇ. ರಂಜಾನ್ ತಿಂಗಳಿಡೀ ನನ್ನೆದುರು ಒಂದು ಗುಟುಕು ಚಹಾ ಕುಡಿಯದೆ, ಇಫ್ತಾರಿಗೆ ಮೊದಲೇ ಗದರಿಸಿ ಮನೆಗೆ ಅಟ್ಟುತ್ತಿದ್ದರು.

2015ರಲ್ಲಿ ಈ ಫೋಟೋಗಳ ಪ್ರದರ್ಶನದ ತಯಾರಿ ನಡೆದಿದ್ದಾಗ ಒಂದು ನೆಗೆಟಿವ್ ನಮ್ಮನ್ನು ಪೇಚಿಗೆ ಸಿಲುಕಿಸಿತು. ಹಿಂದೊಮ್ಮೆ ನೋರಾ ಎಂಬ ಐರಿಷ್ ನರ್ಸ್ ಇಲ್ಲಿಯೇ ತೀರಿಕೊಂಡಿದ್ದರು. ದೇಹವನ್ನು ವಿಮಾನಕ್ಕೆ ಒಯ್ಯುವ ಮೊದಲು ನಡೆದ ಪ್ರಾರ್ಥನೆಯಲ್ಲಿ ಕ್ಯಾಮಿಲಸರು, ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಮಾಡುವಂತೆಯೇ, ಎಲ್ಲರನ್ನೂ ತೆರೆದ ಪೆಟ್ಟಿಗೆಯ ಸುತ್ತ ನಿಲ್ಲಿಸಿ ಫೋಟೋ ತೆಗೆದುಬಿಟ್ಟಿದ್ದರು! ನಮ್ಮವರಲ್ಲಿ ಹೀಗೆಲ್ಲ ಇಲ್ಲ ಎಂದು ಬ್ರೆಂಡನ್ ಸಿಡಿಮಿಡಿಗೊಂಡರಂತೆ. ಪ್ರಿಂಟ್ ಹಾಕಲಿಲ್ಲ, ಎಸೆಯಲೂ ಇಲ್ಲ.

ಪ್ರದರ್ಶನಕ್ಕೆ ಜಾಗ ಕೊಡಲಿದ್ದ ಐರಿಷ್ ಹಿರಿಯರು ಅದನ್ನು ನೋಡಿ ಹೌಹಾರಿದರು. ಅದನ್ನು ನಾಶಮಾಡಿ, ಇಲ್ಲವಾದರೆ ನಮ್ಮ ಸಹಕಾರ ಇಲ್ಲ ಎಂದರು. ಇದೊಂದರಿಂದ ಅಷ್ಟೂ ವರ್ಷದ ಕೆಲಸ ಖಲಾಸ್ ಆಗುತ್ತದೆ ಮಾರಾಯ್ರೆ, ಬಿಟ್ಟುಬಿಡಿ ಎಂದು ನಾನೂ ಗೋಗರೆದೆ.

“ಅದು ನನ್ನದೂ ಅಲ್ಲ, ಅವರದ್ದೂ ಅಲ್ಲ ಹಫ್ಸ. ನೋರಾನ ಮನೆಯವರು ಬೇಡ ಹೇಳಿದ್ರೆ ನಾನೇ ಕತ್ತರಿಸಿ ಹಾಕ್ತೇನೆ,” ಎಂದರು ಕ್ಯಾಮಿಲಸರು.

ಐರ್ಲೆಂಡಿನಲ್ಲಿರುವ ನೋರಾರ ತಂಗಿ ಮೋರಿನ್ ಅವರನ್ನು ಹುಡುಕಿ, ಮೊದಲು ವಿಷಯ ತಿಳಿಸಿ, ಅವರು ಒಪ್ಪಿದ ಮೇಲೆಯೇ ಚಿತ್ರ ಕಳುಹಿಸಿದರು. ಮರುದಿನ ಫೋನ್ ಬಂತು. ಬೈಗುಳಕ್ಕೆ ಸಿದ್ಧಳಾಗಿ ನಾನು ಪಕ್ಕದಲ್ಲೇ ನಿಂತಿದ್ದೆ. ಮೋರಿನ್ ಬಹಳ ಹೊತ್ತು ಅತ್ತರು. ಮಗಳು ಮರಳುಗಾಡಿನಲ್ಲಿ ಯಾರೂ ದಿಕ್ಕಿಲ್ಲದೆ ಹೋದಳೆಂದೇ ಅವರ ತಾಯಿ ಕೊನೆಯ ತನಕ ಕೊರಗಿದ್ದರಂತೆ. ಅಕ್ಕನ ಹಣೆಯ ಮೇಲೆ ಕೈಯಿಟ್ಟವರು ಯಾರು, ಪೆಟ್ಟಿಗೆಯ ಅಂಚು ಹಿಡಿದು ಅಳುತ್ತಿರುವವರು ಯಾರು ಎಂದು ಒಬ್ಬೊಬ್ಬರ ಹೆಸರನ್ನೂ ಕೇಳಿದರು. ಕ್ಯಾಮಿಲಸರು ಒಂದೊಂದಾಗಿ ಹೇಳಿದರು. ಕೊನೆಗೆ ಮೋರಿನ್, ಚಿತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿ, ಕೆಳಗೆ ಎಲ್ಲರ ಹೆಸರನ್ನೂ ಬರೆಯಿರಿ ಎಂದರು. ಬರೆಯುತ್ತೇವೆ ಎಂದಾಗ ಮತ್ತೆ ಕೇಳಿದರು:

“ನಿಮ್ಮ ಹೆಸರು? ನೀವೂ ಅಲ್ಲಿ ನಿಂತಿದ್ದಿರಲ್ಲ?”

ಮೋರಿನ್ ಅವರ ಮಾತು ತಿಳಿಸಿದ ಮೇಲೆ ಹಿರಿಯರೂ ಜಾಗ ಕೊಟ್ಟರು, ಚಿತ್ರ ತೂಗಿತು. ಇಂದು ಇಡೀ ಸಂಗ್ರಹವನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು.

ಈ 2018ರಲ್ಲಿ ಮಾನ್ಯರು ನಿವೃತ್ತರಾಗಿ ಊರಿಗೆ ಹೊರಟಿದ್ದಾರೆ. ಹೆಸರು ಗೊತ್ತಾಗದ ಮುಖಗಳು ಸಂಗ್ರಹದಲ್ಲಿ ಇನ್ನೂ ಬಹಳವಿವೆ. ಶಿರ್ವದಲ್ಲಿ ಕೂತು ಅವುಗಳನ್ನು ಗುರುತಿಸುವ ಕೆಲಸ ತಪ್ಪದು, ನಾನು ದಿನಾ ಫೋನ್ ಮಾಡುವವಳೇ. ಅವರ ದೇವರೂ ನನ್ನನ್ನು ಸೃಷ್ಟಿಸಿದ ಪಡೆದವನೂ ಅವರಿಗೆ ನೂರು ವರ್ಷ ಕೊಡಲಿ. ಪರದೇಶದಲ್ಲಿ ಕಣ್ಮುಚ್ಚಿದವರ ತಾಯಂದಿರಿಗೆ, ನಿಮ್ಮ ಮಗು ಒಂಟಿಯಾಗಿರಲಿಲ್ಲ ಎಂದು ತೋರಿಸಲು ಅವರು ನಮಗೆ ಇನ್ನೂ ಬೇಕು.