ಹೊಗೆಯೂ ಟಿಕೆಟ್ಟಿನಲ್ಲೇ ಸೇರಿದೆ

ಮಂಜುಗಡ್ಡೆಗೆ ಬಡಿದು ಮುಳುಗಿದ ಆ ಹಡಗಿನ ಬಗ್ಗೆ ಕಾಲೇಜಿನಲ್ಲಿ ಓದಿದಾಗ ನನಗೆ ಒಂದು ಸಂಗತಿ ನಂಬಲಾಗಿರಲಿಲ್ಲ. ಡೆಕ್ಕಿನ ಮೇಲೆ ಬಿದ್ದ ಮಂಜಿನ ಚೂರುಗಳನ್ನು ಪ್ರಯಾಣಿಕರು ಕಾಲಿನಿಂದ ಒದ್ದು ಆಡಿದರಂತೆ. ಇಷ್ಟು ದಡ್ಡರು ಇರುತ್ತಾರೆಯೇ ಎಂದುಕೊಂಡಿದ್ದೆ. ಇರುತ್ತಾರೆ. ನೋಯ್ಡಾದ ಮಾಲಿನಲ್ಲಿ ನಾನು ಅಂಥವರ ನಡುವೆಯೇ ಕೂತಿದ್ದೆ. ಅವರಲ್ಲಿ ಒಬ್ಬರು ನನ್ನ ಗಂಡ.

ಅದೇ ಹಡಗಿನ ಸಿನಿಮಾ. ಟಿಕೆಟ್ ತಂದವನು ಮೈದುನ. ಕುರ್ಚಿ ಅಲುಗಾಡುವ, ಮುಖಕ್ಕೆ ನೀರು ಚಿಮುಕಿಸುವ, ತಣ್ಣನೆಯ ಮಂಜು ಬಿಡುವ ಸಿನಿಮಾ ಹಾಲು ಅದು. ತೆರೆಯ ಮೇಲೆ ಹಡಗು ವಾಲಿದಾಗ ನಾವೂ ವಾಲಿದೆವು. ಸಾಯುವವರ ಹಿಂದೆ ಪಿಟೀಲು ಅಳುತ್ತಿತ್ತು, ನಮ್ಮ ಸಾಲಿನಲ್ಲಿ ಪಾಪ್‌ಕಾರ್ನ್ ಕೈಯಿಂದ ಕೈಗೆ ಹೋಗುತ್ತಿತ್ತು. ಕೆಳ ದರ್ಜೆಯ ಪ್ರಯಾಣಿಕರು ಬೀಗ ಹಾಕಿದ ಕಬ್ಬಿಣದ ಗೇಟು ಬಡಿಯುವ ದೃಶ್ಯ ಬಂದಾಗ ಮುಂದಿನ ಸಾಲುಗಳ ಕೆಳಗಿನಿಂದ ಹೊಗೆ ಎದ್ದಿತು. ಜನ ಕೂಗಿ ಚಪ್ಪಾಳೆ ತಟ್ಟಿ ಮೊಬೈಲ್ ಎತ್ತಿದರು.

"ಅಮ್ಮಾ, ಜಲ್ನೇ ಕಾ ಸ್ಮೆಲ್ ಇದೆ," ಎಂದು ಮಗಳು ಕೆಮ್ಮಿದಳು.

ಸುಟ್ಟ ವೈರಿನ ವಾಸನೆ ನನಗೂ ಬಂದಿತ್ತು. ಎದ್ದು ನಿಂತೆ. ಗಂಡ ದುಪಟ್ಟಾ ಹಿಡಿದು ಎಳೆದರು. "ಕೂತ್ಕೋ. ಎಫೆಕ್ಟು ಅದು. ಹೊಗೇನೂ ಟಿಕೆಟ್ಟಲ್ಲೇ ಸೇರಿದೆ."

ಹಿಂದಿನಿಂದ ಯಾರೋ ಕಿರುಚಿದ: "ಅರೇ ಆಂಟೀ, ಬೈಠಿಯೇ ನಾ! ಪಿಕ್ಚರ್ ದೇಖ್ನೇ ದೋ!"

ಮಗಳ ಕೈ ಹಿಡಿದು ತುರ್ತು ಬಾಗಿಲಿಗೆ ಓಡಿದೆ. ಮೇಲೆ ಹಸಿರು ದೀಪ ಉರಿಯುತ್ತಿತ್ತು. ತಳ್ಳಿದೆ. ಎರಡು ಬೆರಳಿನಷ್ಟು ತೆರೆದು ನಿಂತಿತು. ಆಚೆ ಬದಿ ಸರಪಳಿ. ನಾನು ಬಾಗಿಲು ಬಡಿಯುತ್ತಿದ್ದೆ, ತೆರೆಯ ಮೇಲೆ ಅವರು ಗೇಟು ಬಡಿಯುತ್ತಿದ್ದರು. ಹತ್ತಿರದವರು ನಮ್ಮಿಬ್ಬರನ್ನೂ ನೋಡಿ ನಕ್ಕರು. ಆಮೇಲೆ ಕರೆಂಟು ಹೋಯಿತು. ಆಗ ಮಾತ್ರ ಎಲ್ಲರಿಗೂ ಅರ್ಥವಾಗಿ, ತೆರೆದಿದ್ದ ಒಂದೇ ಬಾಗಿಲಿಗೆ ನುಗ್ಗಿದರು. ಆ ನೂಕಿನಲ್ಲಿ ಮಗಳ ಕೈ ನನ್ನ ಕೈಯಿಂದ ಜಾರಿತು. ಟಿಕೆಟ್ ಕೌಂಟರ್ ಬಳಿ, ಒಂದು ಕಾಲಿನ ಶೂ ಇಲ್ಲದೆ ನಿಂತಿದ್ದ ಅವಳು ಕಣ್ಣಿಗೆ ಬೀಳುವವರೆಗಿನ ಹೊತ್ತು ಇನ್ನೂ ಮುಗಿದಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಹೊಗೆ ಎದ್ದರೂ ಆ ಕೈ ಮತ್ತೆ ಜಾರುತ್ತದೆ.

"ಛೋಟಾ ಸಾ ಶಾರ್ಟ್ ಸರ್ಕ್ಯೂಟ್," ಎಂದು ಮ್ಯಾನೇಜರ್ ಎಲ್ಲರಿಗೂ ಉಚಿತ ಪಾಸು ಹಂಚಿದ. ಯಾರೂ ಸಾಯಲಿಲ್ಲವಲ್ಲ, ಹಾಗಾಗಿ ಅದು ತಮಾಷೆಯಾಯಿತು.

ಊರಿನಿಂದ ಬಂದ ನೆಂಟರು ದೆಹಲಿಯ ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಇಳಿದಿದ್ದರು. ಅಲ್ಲಿ ಬಿಸಿಬೇಳೆ ಭಾತಿನ ಮುಂದೆ ಮೈದುನ ಶುರುಮಾಡಿದ: "ಹಡಗು ಮುಳುಗೋಕ್ ಮೊದ್ಲೇ ನಮ್ಮತ್ತಿಗೆ ಲೈಫ್‌ಬೋಟ್ ಹುಡುಕ್ತಿದ್ರು!" ಎಲ್ಲರೂ ನಕ್ಕರು. ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು. ತಟ್ಟೆ ಎತ್ತಿ ಮೈದುನನ ತಲೆಯ ಮೇಲೆ ಸುರಿಯಬೇಕೆನ್ನಿಸಿತು.

"ಚಿಕ್ಕಪ್ಪಾ, ವೋ ಡೋರ್ ಈಗ ತೆರೆದಿದ್ಯಾ?" ಎಂದಳು ಮಗಳು.

"ಅಯ್ಯೋ, ನೀನೂ ಅಮ್ಮನ ಥರ ಆಗ್ಬೇಡ ಪುಟ್ಟಿ. ಸಂಡೇ ಫ್ರೀ ಪಾಸಲ್ಲಿ ಹೋಗೋಣ. ಚಲೋ?"

"ಹೋದ್ರೇನೇ ಇವಳ ಭಯ ಬಿಡೋದು," ಎಂದರು ಗಂಡ. ಅವಳನ್ನು ಆ ಹಾಲಿಗೆ ಕಳಿಸುವುದಿಲ್ಲ ಎಂದೆ. ನಿನ್ನ ಹುಚ್ಚು ಮಗುವಿಗೆ ಅಂಟಿಸಬೇಡ ಎಂದರು.

ಶನಿವಾರ ಯಾರಿಗೂ ಹೇಳದೆ ಮೆಟ್ರೊ ಹತ್ತಿ ಅಲ್ಲಿಗೆ ಹೋದೆ. ಕಾರಿಡಾರಿನಲ್ಲಿ ಆ ಬಾಗಿಲು ಕಾಣಲೇ ಇಲ್ಲ. ಆಳೆತ್ತರದ ರಟ್ಟಿನ ಹಡಗೊಂದನ್ನು ಅದಕ್ಕೆ ಒರಗಿಸಿದ್ದರು. ಮುಂದೆ ಒಂದು ಜೋಡಿ ಕೈ ಚಾಚಿ ಫೋಟೊ ತೆಗೆಸಿಕೊಳ್ಳುತ್ತಿತ್ತು. ಅವರು ಹೋದ ಮೇಲೆ ರಟ್ಟನ್ನು ಸರಿಸಿದೆ. ಸರಪಳಿ ಇತ್ತು, ಬೀಗವೂ ಇತ್ತು. ಫೋಟೊ ತೆಗೆದೆ.

ಗಾರ್ಡ್ ಓಡಿಬಂದ. "ಮೇಡಂ, ಖುಲಾ ರಖೇಂಗೆ ತೋ ಲೋಗ್ ಬಿನಾ ಟಿಕೆಟ್ ಘುಸ್ ಜಾತೇ ಹೈಂ." ತೆರೆದಿಟ್ಟರೆ ಜನ ಟಿಕೆಟ್ ಇಲ್ಲದೆ ನುಗ್ಗುತ್ತಾರಂತೆ.

ಒಳಗಿನಿಂದ ಕಿರುಚಾಟ ಕೇಳಿಸಿತು. ಸರಪಳಿಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದೆ. "ಪಾನಿ ಡಾಲಾ ಹೋಗಾ," ಎಂದು ಅವನು ನಕ್ಕ. ಮುಖಕ್ಕೆ ನೀರು ಚಿಮುಕಿಸಿರಬೇಕಂತೆ.

ಭಾನುವಾರ ಕೆಳಗೆ ಮೈದುನನ ಹಾರ್ನು ಕೇಳುತ್ತಿದ್ದಾಗ ಗಂಡನಿಗೆ ಫೋಟೊ ತೋರಿಸಿದೆ.

"ಅಲ್ಲಿಗೆ ಒಬ್ಬಳೇ ಹೋಗಿದ್ಯಾ?" ಎಂದರು. ಅಷ್ಟೇ ಕೇಳಿದರು.

ಮಗಳು ಫೋನು ಕಸಿದುಕೊಂಡು ಬೀಗವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಆಮೇಲೆ ನೆಲದ ಮೇಲೆ ಕೂತು, ಆಗಷ್ಟೇ ಕಟ್ಟಿದ್ದ ಹೊಸ ಶೂಗಳ ಲೇಸು ಬಿಚ್ಚತೊಡಗಿದಳು.

"ಪಪ್ಪಾ, ನೀವು ಹೋಗಿ."

ಅವರಿಬ್ಬರೂ ಹೋದರು. ಸುರಕ್ಷಿತವಾಗಿಯೇ ವಾಪಸು ಬಂದರು. "ನೋಡಿದ್ರಾ ಅತ್ತಿಗೆ, ಏನೂ ಆಗ್ಲಿಲ್ಲ. ಈ ಸಲ ಪೂರ್ತಿ ನೋಡಿದ್ವಿ," ಎಂದ ಮೈದುನ.

"ಹಡಗು ಮುಳುಗಿತಾ?" ಎಂದೆ.

ಮಗಳೊಬ್ಬಳೇ ನಕ್ಕಳು.