ಇದಿನಬ್ಬಾಕ ಗರಗಸ ಆರಿಸಲು ಹೊರಟದ್ದು

ಇದಿನಬ್ಬಾಕ ನನಗೆ ಮೊದಲು ಸಿಕ್ಕಿದ್ದು ರಿಯಾದಿನ ಮಲಾಜ್ ಬಡಾವಣೆಯ ಒಂದು ಬೂಫಿಯಾದಲ್ಲಿ, ಅಂದರೆ ಸಣ್ಣ ಚಹಾದಂಗಡಿಯಲ್ಲಿ, ಚಹಾ ಕೊಡುವ ಕಿಟಕಿಯ ಹತ್ತಿರ. ಆಚೆ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನತ್ತ ಬಲಗೈ ಎತ್ತಿದರು. ಮೂರು ಬೆರಳು. ನಾನು ಈ ಊರಿಗೆ ಬಂದು ಹನ್ನೊಂದು ದಿನವಾಗಿತ್ತಷ್ಟೆ. ಹೊಸಬರು ಹಳಬರಿಗೆ ಚಹಾ ತಂದುಕೊಡುವುದು ಇಲ್ಲಿನ ಪದ್ಧತಿಯಿರಬೇಕೆಂದು ನಾನೇ ತೀರ್ಮಾನಿಸಿ, ಮೂರು ಚಹಾ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಅವರು ಎರಡನ್ನು ಕುಡಿದು ಮುಗಿಸಿ, ಮೂರನೆಯದನ್ನು ನನ್ನ ಕಡೆ ತಳ್ಳಿದರು.

"ಸಲಾಂ ಹೇಳಿದ್ದು ಮಾರಾಯ. ಇರುವುದೇ ಮೂರು."

ಆಮೇಲೆ ಮುಖ ತೋರಿಸಲು ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆ ಚಹಾದಿಂದಲೇ ಗುರುತಾಯಿತು. ಅವರು ಉಪ್ಪಿನಂಗಡಿಯ ಬ್ಯಾರಿ, ಹುಟ್ಟಾ ಬಡಗಿ. ನಾನು ಭಟ್ಕಳದವನು. ಭಟ್ಕಳದವರೆಂದರೆ ಅಂಗಡಿಯ ಯಜಮಾನರೆಂದು ಇಲ್ಲಿ ಎಲ್ಲರ ಎಣಿಕೆ. ಆ ಹೆಸರು ಕೆಡಿಸಲೆಂದೇ ಬಂದ ನಾನು ಹಾರ್ಡ್‌ವೇರ್ ಕಂಪನಿಯೊಂದರಲ್ಲಿ ತಿರುಪು, ಬಿಜಾಗರಿಗಳ ಹೆಸರನ್ನು ಕಂಪ್ಯೂಟರಿಗೆ ತುಂಬಿಸುವ ಸಂಬಳದಾಳು.

ಬೆರಳು ಹೋದ ಕತೆಯನ್ನು ಅವರು ಎಲ್ಲರಿಗೂ ಒಂದೇ ರೀತಿ ಹೇಳುತ್ತಿದ್ದರು. ಒಂಬತ್ತು ವರ್ಷದ ಹಿಂದೆ, ಹಫ್ರ್ ಅಲ್ ಬಾತಿನ್‌ನ ಬಡಗಿಶಾಲೆ. ಈದ್ ಹತ್ತಿರ, ಕೆಲಸ ರಾಶಿ. "ಕಫೀಲನ ಓಬೀರಾಯನ ಕಾಲದ ಮಿಶಿನ್. ಗಾರ್ಡೇ ಇರಲಿಲ್ಲ." ತಿರುಗುವ ಅಲಗಿನ ಮೇಲೆ ಮುಚ್ಚುವ ಕವಚಕ್ಕೆ ಗಾರ್ಡ್ ಎನ್ನುತ್ತಾರೆ. ಅವರ ಹೆಂಡತಿ ಸಫಿಯತಕ್ಕ ಒಂಬತ್ತು ವರ್ಷದಿಂದ ಪ್ರತಿ ನಮಾಝಿನ ನಂತರವೂ ಆ ಕಫೀಲನಿಗೆ, ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಯಜಮಾನನಿಗೆ, ಶಾಪ ಹಾಕುತ್ತಾ ಬಂದಿದ್ದಾರೆ.

ಈಗ ಇದಿನಬ್ಬಾಕ ಒಂದು ಫರ್ನಿಚರ್ ಅಂಗಡಿಯಲ್ಲಿ ಗಿರಾಕಿಗಳ ಮನೆಗೆ ಹೋಗಿ ಅಳತೆ ತೆಗೆಯುತ್ತಾರೆ. ಮರ ಮುಟ್ಟುವುದಿಲ್ಲ. "ಟೇಪ್ ಹಿಡಿದು ಹಿಡಿದು ನಾನು ದರ್ಜಿ ಆಗಿಹೋದೆ," ಎಂದು ನಗುತ್ತಿದ್ದವರು, ಈ ಚಳಿಗಾಲದಲ್ಲಿ ಒಂದು ದಿನ ನಗದೆ ಹೇಳಿದರು: "ತಾರಸಿ ಮೇಲಿನ ಕೋಣೆ ಖಾಲಿ ಉಂಟು. ಒಂದು ಟೇಬಲ್ ಸಾ ಇಡಬೇಕು. ಸಾಯುವ ಮೊದಲು ನನ್ನ ಕೈಯಲ್ಲಿ ಒಂದು ಕುರ್ಚಿಯಾದರೂ ಆಗಬೇಕು."

ಮೇಜಿನ ನಡುವಿನಿಂದ ತಲೆ ಎತ್ತಿ ತಿರುಗುವ ದುಂಡು ಗರಗಸ ಅದು. ಬೆರಳು ತಿಂದದ್ದೂ ಅದೇ ಜಾತಿ. ಸಫಿಯತಕ್ಕ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ, "ಗಾರ್ಡ್ ಇರುವುದಾದರೆ ಮಾತ್ರ. ನಾನು ಕಣ್ಣಾರೆ ನೋಡದೆ ಮನೆಗೆ ತರುವುದು ಬೇಡ," ಎಂದು ಒಪ್ಪಿದರು.

ಆರಿಸುವ ಜವಾಬ್ದಾರಿ ನನ್ನದು. ಜೀವನದಲ್ಲಿ ಒಂದು ಪೆನ್ಸಿಲ್ಲನ್ನೂ ನೆಟ್ಟಗೆ ಹೆರೆಯದ ನಾನು ಎರಡು ವಾರ ವೀಡಿಯೋ ನೋಡಿ ಪಟ್ಟಿ ಮಾಡಿದೆ. ಸೂಟ್‌ಕೇಸಿನಂತೆ ಮಡಚುವ ಸಣ್ಣದನ್ನು ಅಂಗಡಿಯಲ್ಲಿ ಇದಿನಬ್ಬಾಕ ಮಂಡಿಯಿಂದ ತಟ್ಟಿದರು. "ಇದು ಮರಕ್ಕಿಂತ ಮೊದಲು ತಾನೇ ನಡುಗುತ್ತದೆ." ದೊಡ್ಡದು ತಾರಸಿಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಉಳಿದದ್ದು ದಹ್ರಾನ್‌ನ ಒಂದು ಕಂಪನಿ ಕಾಲೊನಿಯಲ್ಲಿದ್ದ ಒಂದು ಹಳೇ ಅಮೆರಿಕನ್ ಗರಗಸ. ಎಕ್ಸಿಟ್ ವೀಸಾ ಹೊಡೆಸಿ ಕಾಯಂ ಊರಿಗೆ ಹೊರಟಿದ್ದ ಕಾರ್ಕಳದ ಟೆಕ್ನೀಶಿಯನ್ ಅಖಿಲೇಶ್ ಅದನ್ನು ಮಾರುತ್ತಿದ್ದರು. ನೂರಹತ್ತು ವೋಲ್ಟಿನದು, ಊರಿಗೆ ಒಯ್ದರೆ ಪ್ರಯೋಜನವಿಲ್ಲ. ಮಲಾಜಿನ ಹಳೇ ಮನೆಗಳಲ್ಲಿ ಆ ಪ್ಲಗ್ ಇನ್ನೂ ಇದೆ.

ಶುಕ್ರವಾರ ಬೆಳಿಗ್ಗೆ ಮೂವರೂ ಹೊರಟೆವು. ನಾಲ್ಕು ತಾಸು ಮರಳು ನೋಡುತ್ತಾ ಸಫಿಯತಕ್ಕ ತಸ್ಬೀಹ್ ಮಣಿ ಎಣಿಸಿದರು. ಗೇಟಿನಲ್ಲಿ ಕಾದಿದ್ದ ಅಖಿಲೇಶ್ ನಮ್ಮನ್ನು ತಮ್ಮ ಗ್ಯಾರೇಜಿಗೆ ಕರೆದೊಯ್ದರು.

ಗರಗಸ ಕಂಡದ್ದೇ ಇದಿನಬ್ಬಾಕ ನಮ್ಮನ್ನೆಲ್ಲ ಮರೆತರು. ಮೇಜಿನ ಕಬ್ಬಿಣದ ಮೇಲೆ ಮೂರು ಬೆರಳಾಡಿಸಿದರು. ಬಗ್ಗಿ ಒಂದು ಕಣ್ಣು ಮುಚ್ಚಿ ಮಟ್ಟ ನೋಡಿದರು. ಅವರ ಮುಖ ಅಷ್ಟು ಎಳೆಯದಾಗಿದ್ದುದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಗಾರ್ಡ್?" ಸಫಿಯತಕ್ಕ ಕೇಳಿದರು.

"ಪೂರಾ ಹೊಸತು ಅಕ್ಕ!" ಅಖಿಲೇಶ್ ಹೆಮ್ಮೆಯಿಂದ ಡಬ್ಬಿ ತೆರೆದರು. "ಪ್ಲಾಸ್ಟಿಕ್ ಸಹ ಒಡೆಯಲಿಲ್ಲ. ಆರು ವರ್ಷದಲ್ಲಿ ಒಂದು ಸಲವೂ ಹಾಕಲಿಲ್ಲ."

ಅದನ್ನು ಸಫಿಯತಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದರು. ಅಂಗೈಯಗಲದ ಪಾರದರ್ಶಕ ಮುಚ್ಚಳ. "ಇಷ್ಟೇನಾ? ಇಷ್ಟನ್ನು ಹಾಕಿಸಲಿಕ್ಕೆ ಆ ಪಾಪಿ ಕಫೀಲನಿಗೆ ಆಗಲಿಲ್ಲವಾ?"

ಅಖಿಲೇಶ್ ಅದನ್ನು ಜೋಡಿಸಲು ಸ್ಪ್ಯಾನರ್ ಎತ್ತಿಕೊಂಡರು. ಇದಿನಬ್ಬಾಕ ತಲೆಯೆತ್ತದೆ ಕೈಯಾಡಿಸಿದರು. "ಈಗ ಬೇಡ, ಮೊದಲು ಓಡಿಸಿ ನೋಡುವ. ಸಪೂರ ಪಟ್ಟಿ ಸೀಳುವಾಗ ಅದು ಯಾವಾಗಲೂ ಅಡ್ಡ ಬರುತ್ತದೆ."

ನಾನು ಸುಮ್ಮನಿರಬಹುದಿತ್ತು. ಆದರೆ ಎರಡು ವಾರ ವೀಡಿಯೋ ನೋಡಿದ ಪಂಡಿತ ನಾನು. "ಅದು ನಿಮಗೆ ಹೇಗೆ ಗೊತ್ತು ಇದಿನಬ್ಬಾಕ? ನಿಮ್ಮ ಮಿಶಿನಿಗೆ ಗಾರ್ಡೇ ಇರಲಿಲ್ಲವಲ್ಲ?"

ಕೇಳಿದ ಮೇಲೆಯೇ ನನಗೆ ನನ್ನ ಪ್ರಶ್ನೆ ಕೇಳಿಸಿದ್ದು. ಸಫಿಯತಕ್ಕ ಮುಚ್ಚಳ ಹಿಡಿದುಕೊಂಡೇ ಗಂಡನ ಕಡೆ ತಿರುಗಿದರು. ಇದಿನಬ್ಬಾಕ ಮೇಜಿನ ಮೇಲಿಂದ ಕೈ ತೆಗೆದು ಜೇಬಿಗೆ ಹಾಕಿಕೊಂಡರು.

"ಇತ್ತು. ನಾನೇ ಬಿಚ್ಚಿ ಕಪಾಟಿನ ಮೇಲೆ ಬಿಸಾಡಿದ್ದು. ಮನೆಗೆ ತಂದರೆ ಇದನ್ನೂ ಬಿಚ್ಚುತ್ತೇನೆ. ಬೇಡ ಈ ಮಿಶಿನ್, ಹೋಗುವ."